ಒಂದು ವರ್ಷ ವೇಸ್ಟ್ ಆಗುವುದಿಲ್ಲ

ಮೇ ತಿಂಗಳ ಕೊನೆ ಬಂತೆಂದರೆ ನಮ್ಮ ಮನೆಗಳಲ್ಲಿ, ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಇದೇ ಮಾತು. ಮಗುವಿಗೆ ಎಷ್ಟು ತುಂಬಿತು, ಯಾವ ಸ್ಕೂಲಿಗೆ ಹಾಕಿದಿರಿ, ಸೀಟು ಸಿಕ್ಕಿತಾ, ಡೊನೇಷನ್ ಎಷ್ಟಾಯಿತು. ಯಾರ ವಿಷಯವಾಗಿ ಇಷ್ಟೆಲ್ಲ ಮಾತೋ ಆ ಮಗು ಪಕ್ಕದಲ್ಲೇ ಅಮ್ಮನ ಸೆರಗು ಹಿಡಿದು ನಿಂತಿರುತ್ತದೆ. ಅದನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಎ, ಬಿ, ಸಿ, ಡಿ ಹೇಳು ನೋಡೋಣ ಎನ್ನುತ್ತಾರೆ.

2025ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. ಅದು 2025–26ನೇ ಸಾಲಿನಿಂದ ಜಾರಿಗೆ ಬರಬೇಕಿತ್ತು. ಆ ಹೊತ್ತು ಹತ್ತಿರವಾದಂತೆ ಪೋಷಕರಿಂದ ಮನವಿಯ ಮೇಲೆ ಮನವಿ ಹೋಯಿತು. ಕೊನೆಗೆ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು, ಆ ಒಂದು ಸಾಲಿಗೆ ಮಾತ್ರ ಎಂದು ಹೇಳಿ, ವಯಸ್ಸನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಯುಕೆಜಿ ಮುಗಿಸಿದ ಮಗುವನ್ನು ಮತ್ತೆ ಅದೇ ಕೋಣೆಯಲ್ಲಿ ಕೂರಿಸಬೇಕಲ್ಲ, ಇನ್ನೊಂದು ವರ್ಷದ ಫೀಸು ಕಟ್ಟಬೇಕಲ್ಲ ಎಂಬ ಆ ಪೋಷಕರ ಸಂಕಟ ಸುಳ್ಳಲ್ಲ. ಅದನ್ನು ಹಗುರ ಮಾಡಿ ಮಾತಾಡುವ ಮನಸ್ಸು ನನಗಿಲ್ಲ. ಆದರೆ ಆ ದಿನಗಳಲ್ಲಿ ಎಲ್ಲ ಕಡೆ ಕೇಳಿಬಂದ ಒಂದು ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ: "ನಮ್ಮ ಮಗುವಿನ ಒಂದು ವರ್ಷ ವೇಸ್ಟ್ ಆಗುತ್ತೆ."

ಐದು ವರ್ಷದ ಮಗುವಿನ ಒಂದು ವರ್ಷ ಹೇಗೆ ವೇಸ್ಟ್ ಆಗುತ್ತದೆ? ಆ ವರ್ಷದಲ್ಲಿ ಅದು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಕಲಿಯುತ್ತದೆ. ಆಟದಲ್ಲಿ ಸೋತು, ಅತ್ತು, ಮತ್ತೆ ಆಟಕ್ಕೆ ಬರಲು ಕಲಿಯುತ್ತದೆ. ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ಕಾಳು ಎಣಿಸುತ್ತದೆ. ಒಂದು ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಶಕ್ತಿ ಬರುತ್ತದೆ, ನಡುವೆ ಒಂದಿಷ್ಟು ಸುಳ್ಳು ಸೇರಿಸುವ ಜಾಣತನವೂ ಬರುತ್ತದೆ. ಇದಕ್ಕೆಲ್ಲ ಮಾರ್ಕ್ಸ್ ಕಾರ್ಡು ಇಲ್ಲ. ಹಾಗಾಗಿ ನಮಗೆ ಇದು ಕಲಿಕೆಯಾಗಿ ಕಾಣುವುದೇ ಇಲ್ಲ. ದೊಡ್ಡವರಾದ ನಾವು ಎಷ್ಟೋ ವರ್ಷ ಹಾಳು ಮಾಡಿಕೊಂಡಿರಬಹುದು. ಐದರ ಮಗು ಒಂದು ಮಧ್ಯಾಹ್ನವನ್ನೂ ಹಾಳು ಮಾಡುವುದಿಲ್ಲ.

ನಮ್ಮ ಬೀದಿಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ರಾತ್ರಿ ಊಟದ ಹೊತ್ತು. ಮೂರೂವರೆ ವರ್ಷದ ಹುಡುಗಿ ನೆಲದ ಮೇಲೆ ನಾಲ್ಕು ಗೆರೆಯ ಕಾಪಿ ಪುಸ್ತಕ ಹರಡಿಕೊಂಡು ಕೂತಿದ್ದಾಳೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಬೆರಳಲ್ಲಿ ಹಿಡಿಯಲು ಅವಳಿಗೆ ಇನ್ನೂ ಬರುವುದಿಲ್ಲ. ಪುಟದ ತುಂಬ ಇಂಗ್ಲಿಷಿನ ಒಂದೇ ಅಕ್ಷರ ಬರೆಯಬೇಕು. ಮೇಲಿನ ಎರಡು ಸಾಲನ್ನು ಅವಳೇ ಬರೆದಿದ್ದಾಳೆ, ಅಕ್ಷರಗಳು ಗೆರೆ ದಾಟಿ ಎತ್ತೆತ್ತಲೋ ಹೋಗಿವೆ. ಮೂರನೇ ಸಾಲಿನಿಂದ ಅಮ್ಮ ಅವಳ ಕೈ ಹಿಡಿದು ತಿದ್ದಿಸಿದ್ದಾಳೆ. ರಬ್ಬರಿನಿಂದ ಉಜ್ಜಿ ಉಜ್ಜಿ ಪುಟ ಒಂದು ಕಡೆ ತೂತಾಗಿದೆ. ಮಗುವಿನ ಕಣ್ಣು ಎಳೆಯುತ್ತಿದೆ. "ಇನ್ನು ಎರಡೇ ಲೈನು ಕಣೇ, ಬರೆದುಬಿಡು, ಇಲ್ಲದಿದ್ರೆ ನಾಳೆ ಮಿಸ್ ಬೈತಾರೆ" ಎನ್ನುವ ಅಮ್ಮನ ದನಿಯಲ್ಲೂ ಅಳುವಿದೆ.

ಆ ಪುಟ್ಟ ಕೈಯ ಒಳಗೇನಿದೆ ಎಂದು ಒಮ್ಮೆ ಯೋಚಿಸಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಗಳಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕಾಣುತ್ತವೆ. ಕೊನೆಯ ಮೂಳೆ ಮೂಡುವುದು ಎಂಟು ವರ್ಷ ದಾಟಿದ ಮೇಲೆ. ಇಂಥ ಕೈಗೆ ಪೆನ್ಸಿಲ್ ಕೊಟ್ಟು ಗೆರೆ ದಾಟಬೇಡ ಎನ್ನುತ್ತೇವೆ. ದಾಟಿದರೆ ಸೋಮಾರಿ ಎನ್ನುತ್ತೇವೆ, ಕಾನ್ಸನ್‌ಟ್ರೇಷನ್ ಇಲ್ಲ ಎನ್ನುತ್ತೇವೆ.

ಆ ತಾಯಿ ಕೆಟ್ಟವಳಲ್ಲ. ಅವಳು ಕನ್ನಡ ಮೀಡಿಯಮ್ಮಿನಲ್ಲಿ ಓದಿ ಪಟ್ಟಣಕ್ಕೆ ಬಂದವಳು. ಕೆಲಸದ ಇಂಟರ್‌ವ್ಯೂಗೆ ಹೋದಾಗ ಗೊತ್ತಿದ್ದ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಲಾಗದೆ ತಲೆ ತಗ್ಗಿಸಿ ಎದ್ದು ಬಂದವಳು. "ನನಗಾದದ್ದು ಇವಳಿಗೆ ಆಗಬಾರದು" ಎನ್ನುತ್ತಾಳೆ. ಆ ಮಾತಿನ ಹಿಂದಿನ ನೋವಿಗೆ ನಾನು ಕೈಮುಗಿಯುತ್ತೇನೆ. ಆದರೆ ಆ ಅವಮಾನ ಆದದ್ದು ಇಪ್ಪತ್ತೆರಡು ವರ್ಷದ ಒಬ್ಬ ಹೆಣ್ಣುಮಗಳಿಗೆ. ಅದರ ಸಾಲವನ್ನು ಮೂರೂವರೆ ವರ್ಷದ ಕೂಸು ತೀರಿಸಬೇಕೇ? ನಮ್ಮ ಭಯವನ್ನು ಮಕ್ಕಳ ಬ್ಯಾಗಿನಲ್ಲಿಟ್ಟು ಕಳಿಸುತ್ತಿದ್ದೇವೆ. ಕಳಿಸುವಾಗ ಅದಕ್ಕೆ ಭವಿಷ್ಯ ಎಂದು ಹೆಸರಿಡುತ್ತೇವೆ.

ಇದನ್ನು ಹೇಳುವವರಲ್ಲಿ ನಾನು ಮೊದಲನೆಯವಳಲ್ಲ. ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮನಿರ್ದೇಶನಗೊಂಡು, 1989ರಲ್ಲಿ ಅಲ್ಲಿ ಮಾತಾಡಲು ಎದ್ದಾಗ ಆರಿಸಿಕೊಂಡ ವಿಷಯ ರಾಜಕೀಯವಲ್ಲ, ಸಾಹಿತ್ಯವೂ ಅಲ್ಲ. ಶಾಲೆಗೆ ಹೋಗುವ ಮಕ್ಕಳ ಬೆನ್ನ ಮೇಲಿನ ಹೊರೆಯ ಬಗ್ಗೆ ಅವರು ಮಾತಾಡಿದರು. ಆ ಮಾತು ವ್ಯರ್ಥವಾಗಲಿಲ್ಲ. ವಿಜ್ಞಾನಿ ಯಶಪಾಲ್ ಅವರ ನೇತೃತ್ವದಲ್ಲಿ ಸಮಿತಿಯಾಯಿತು, 1993ರಲ್ಲಿ ವರದಿ ಬಂತು. ನರ್ಸರಿಗೆ ಸೇರಿಸಲು ಪರೀಕ್ಷೆ, ಸಂದರ್ಶನ ನಡೆಸುವ ಪದ್ಧತಿಯನ್ನೇ ತೆಗೆದುಹಾಕಬೇಕು ಎಂದು ಆ ವರದಿ ಹೇಳಿತು. ಎಳೆಯ ಮಕ್ಕಳ ಮೇಲೆ ಓದು, ಬರಹ, ಲೆಕ್ಕವನ್ನು ಹೇರುವುದನ್ನು ಅದು ಹಿಂಸೆ ಎಂದೇ ಕರೆಯಿತು. ಆ ವರದಿ ಬಂದ ವರ್ಷ ಎಲ್‌ಕೆಜಿಯಲ್ಲಿ ಕೂತಿದ್ದ ಮಕ್ಕಳು ಇವತ್ತು ತಮ್ಮ ಮಕ್ಕಳನ್ನು ಎಲ್‌ಕೆಜಿಗೆ ಕರೆತರುತ್ತಿದ್ದಾರೆ. ಕಾಪಿ ಪುಸ್ತಕ ಮಾತ್ರ ಅದೇ.

ಕಾನೂನೂ ಈ ಪುಟಾಣಿಗಳ ಹತ್ತಿರ ಬಂದು ನಿಂತುಬಿಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಸೇರ್ಪಡೆಗೆ ಮಗುವನ್ನೂ ಪೋಷಕರನ್ನೂ ಸಂದರ್ಶನ ಮಾಡಿ ಸೋಸುವುದನ್ನು ನಿಷೇಧಿಸುತ್ತದೆ. ಮೊದಲ ತಪ್ಪಿಗೆ 25 ಸಾವಿರ ರೂಪಾಯಿವರೆಗೆ ದಂಡ. 17ನೇ ಸೆಕ್ಷನ್ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ತಡೆಯುತ್ತದೆ. ಆದರೆ ಆ ಕಾಯ್ದೆಯ ಪ್ರಕಾರ ಮಗು ಎಂದರೆ ಆರರಿಂದ ಹದಿನಾಲ್ಕು ವರ್ಷದವರು. ಮೂರರ, ನಾಲ್ಕರ ಮಗುವಿನ ವಿಷಯ ಬಂದಾಗ ನರ್ಸರಿಗಳು ಇದೇ ಸಂದಿಯಲ್ಲಿ ನುಸುಳಿಕೊಳ್ಳುತ್ತವೆ. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಕೂಡದು ಎಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶಿಸಿತು. ಒಂದನೇ ತರಗತಿಗೇ ಇಲ್ಲದ ಹೋಂವರ್ಕ್ ಎಲ್‌ಕೆಜಿಗೆ ಎಲ್ಲಿಂದ ಬಂತು? ಶಾಲೆಯವರನ್ನು ಕೇಳಿದರೆ, ಪೋಷಕರೇ ಕೇಳ್ತಾರೆ ಮೇಡಂ, ಕೊಡದಿದ್ರೆ ಬೇರೆ ಸ್ಕೂಲಿಗೆ ಹೋಗ್ತಾರೆ ಎನ್ನುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಈ ಕರೆ ಸರ್ಕಾರಕ್ಕಿಂತ ಮೊದಲು ನಮಗೆ.

ಮಗು ಶಾಲೆಯ ಗೇಟು ದಾಟುವ ಮೊದಲೇ ಅದರ ಮನಸ್ಸಿನಲ್ಲಿ ಶಾಲೆಯನ್ನು ಕೆಡಿಸುವವರು ನಾವೇ. ಊಟ ಮಾಡದಿದ್ದರೆ ಸ್ಕೂಲಿಗೆ ಹಾಕಿಬಿಡ್ತೀನಿ. ಹಠ ಮಾಡು, ಮಿಸ್‌ಗೆ ಹೇಳ್ತೀನಿ. ಎರಡು ವರ್ಷ ಹೀಗೆ ಹೆದರಿಸಿದ ಜಾಗಕ್ಕೆ ಒಂದು ಬೆಳಿಗ್ಗೆ ಹೊಸ ಯೂನಿಫಾರ್ಮು ತೊಡಿಸಿ ಕರೆದೊಯ್ಯುತ್ತೇವೆ. ಹೋದಮೇಲೆ ಇನ್ನೊಂದು ಮೋಸ. "ನೀನು ಆಟ ಆಡ್ತಿರು, ಅಮ್ಮ ಇಲ್ಲೇ ಇರ್ತೀನಿ, ಚಾಕ್ಲೇಟ್ ತಗೊಂಡು ಬಂದ್ಬಿಡ್ತೀನಿ." ಮಗು ಆಟದ ಸಾಮಾನಿನತ್ತ ತಿರುಗಿದ ಕೂಡಲೇ ಹಿಂಬಾಗಿಲಿಂದ ಜಾರಿಕೊಳ್ಳುತ್ತೇವೆ. ಮಗು ತಿರುಗಿ ನೋಡುತ್ತದೆ, ಅಮ್ಮ ಇಲ್ಲ. ಆ ಕ್ಷಣದಲ್ಲಿ ಅದು ಕಲಿಯುವ ಪಾಠ ಅಕ್ಷರದ್ದಲ್ಲ. ಅಮ್ಮನ ಮಾತನ್ನು ನಂಬಬಾರದು, ಬೆನ್ನು ತಿರುಗಿಸಿದರೆ ಅಮ್ಮ ಮಾಯವಾಗುತ್ತಾಳೆ ಎಂಬುದನ್ನು ಅದು ಕಲಿಯುತ್ತದೆ. ಮರುದಿನ ಸ್ನಾನದ ಮನೆಯಿಂದಲೇ ಅಳು ಶುರುವಾಗುತ್ತದೆ. ರಾತ್ರಿ ಬೆಚ್ಚಿ ಏಳುತ್ತದೆ. ನಾವು ದೃಷ್ಟಿ ತೆಗೆಯುತ್ತೇವೆ.

ಅಳುವ ಮಗುವಿನ ಎದುರು ಮಂಡಿಯೂರಿ ಕೂತು, "ಅಮ್ಮ ಈಗ ಹೋಗ್ತೀನಿ, ನೀನು ಡಬ್ಬಿ ತಿಂದು ಮುಗಿಸಿದ ಮೇಲೆ ಬರ್ತೀನಿ" ಎಂದು ಹೇಳಿ, ಹೇಳಿದ ಹೊತ್ತಿಗೆ ಬಂದು ನಿಲ್ಲಿ. ಮಗು ಅಳುತ್ತದೆ. ಅಳಲಿ. ತಿಳಿದು ಅಳುವುದಕ್ಕೂ ಮೋಸಹೋಗಿ ಅಳುವುದಕ್ಕೂ ಬಹಳ ವ್ಯತ್ಯಾಸವಿದೆ. ನಿಮ್ಮ ಕಣ್ಣಲ್ಲೂ ನೀರು ಬಂದರೆ ನಾಚಿಕೆ ಬೇಡ. ಮೂರು ವರ್ಷ ಒಂದು ಗಳಿಗೆ ಬಿಟ್ಟಿರದ ಜೀವ, ಎದೆ ಖಾಲಿಯಾಗದೆ ಇರುತ್ತದೆಯೇ? ಗೇಟಿನಾಚೆ ಬೈಕಿನ ಮೇಲೆ ಕೂತು ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳುವ ಅಪ್ಪಂದಿರೂ ಇದ್ದಾರೆ. ಆದರೆ ದಯವಿಟ್ಟು ಆ ಅಳುವನ್ನು ಮೊಬೈಲಿನಲ್ಲಿ ಹಿಡಿಯಬೇಡಿ. ಮೂಗು ಸೋರಿಸಿಕೊಂಡು, ಗೇಟು ಹಿಡಿದು ಅಮ್ಮಾ ಎಂದು ಕೂಗುವ ಮಗುವಿನ ವಿಡಿಯೋಗೆ ಹಾಡು ಸೇರಿಸಿ ಸ್ಟೇಟಸ್ ಹಾಕುವುದು, ಊರೆಲ್ಲ ನಗುವುದು, ಇದನ್ನು ಯಾವ ಮಮತೆ ಎನ್ನೋಣ? ದೊಡ್ಡವರೊಬ್ಬರು ಸಾವಿನ ಮನೆಯಲ್ಲಿ ಅಳುವಾಗ ಹೀಗೆ ಮಾಡುತ್ತೇವೆಯೇ?

ಇನ್ನು ಭಾಷೆ. ಮನೆಯಲ್ಲಿ "ಒಂದಕ್ಕೆ ಬಂತು" ಎಂದರೆ ಸಾಕು, ಯಾರಾದರೂ ಓಡಿ ಬರುತ್ತಾರೆ. ಶಾಲೆಯಲ್ಲಿ ಅದನ್ನೇ ಇಂಗ್ಲಿಷಿನ ಒಂದು ಉದ್ದ ವಾಕ್ಯದಲ್ಲಿ ಕೇಳಬೇಕು. ವಾಕ್ಯ ನೆನಪಾಗುವುದಿಲ್ಲ, ಚಡ್ಡಿ ಒದ್ದೆಯಾಗುತ್ತದೆ, ಪಕ್ಕದ ಮಕ್ಕಳು ನಗುತ್ತಾರೆ. ಆಮೇಲೆ ಆ ಮಗು ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಡುತ್ತದೆ. ವಾಟರ್ ಬಾಟ್ಲಿ ತುಂಬಿದ ಹಾಗೇ ವಾಪಸು ಬಂದರೆ ಬೈಯುವ ಮೊದಲು ಯಾಕೆ ಎಂದು ಕೇಳಿ. ಕನ್ನಡ ಶಾಲೆಗೆ ಬರುವ ಲಂಬಾಣಿ ತಾಂಡಾದ ಮಗುವಿಗೆ, ಉರ್ದುವಿನ, ತುಳುವಿನ, ಕೊಡವ ಮನೆಯ ಮಗುವಿಗೆ ಕೂಡ ಇದೇ ಕಷ್ಟ ಆಗಬಹುದು. ಮಗುವಿನ ಮನೆಯ ನಾಲ್ಕು ಮಾತು ಕಲಿತುಕೊಳ್ಳುವುದು ಮಿಸ್‌ಗೆ ಕಷ್ಟವಲ್ಲ. ಹಸಿವು, ನೀರು, ಒಂದು, ಎರಡು, ಅಮ್ಮ. ಇಷ್ಟಾದರೆ ಮೊದಲ ತಿಂಗಳು ಕಳೆಯುತ್ತದೆ.

ಬೆಳಿಗ್ಗೆ ಗಾರ್ಮೆಂಟ್ಸಿನ ಗಾಡಿ ಹತ್ತುವ ತಾಯಿಗೆ ಈ ಮಾತೆಲ್ಲ ಹೇಳುವ ಹಕ್ಕು ನನಗಿದೆಯೇ ಎಂದು ನೀವು ಕೇಳಬಹುದು. ಅವಳಿಗೆ ಮಗುವನ್ನು ಎರಡೂವರೆಗೇ ಎಲ್ಲಾದರೂ ಬಿಡಲೇಬೇಕು. ಬಿಡುವುದು ತಪ್ಪಲ್ಲ. ಬಿಟ್ಟ ಜಾಗದಲ್ಲಿ ಮಗುವಿಗೆ ಏನು ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ. ಅಂಗನವಾಡಿ ನಮ್ಮಲ್ಲಿ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಕ್ಕಳ ತೂಕ, ಗರ್ಭಿಣಿಯರ ಪಟ್ಟಿ, ಮೊಬೈಲಿನಲ್ಲಿ ಲೆಕ್ಕ, ಸರ್ವೆ, ಚುನಾವಣೆಯ ಕೆಲಸ, ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಹಾಡು, ಕತೆ. ಆ ದುಡಿಮೆಗೆ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರ ಇಡಲೇಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯೇ ಹೇಳಿತ್ತು. ನಿಮ್ಮ ಆಫೀಸಿನಲ್ಲಿ, ನಿಮ್ಮ ಕಾರ್ಖಾನೆಯಲ್ಲಿ ಅದು ಎಲ್ಲಿದೆ ಎಂದು ಕೇಳಿದ್ದೀರಾ?

ಎಳೆಯ ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬುದು ನಮಗೆ ಗೊತ್ತಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು ನಲಿ-ಕಲಿ ಶುರು ಮಾಡಿದರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಚಿತ್ರದ ಕಾರ್ಡು ಎತ್ತಿಕೊಂಡು, ತಮ್ಮ ತಮ್ಮ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತುವ ಪದ್ಧತಿ ಅದು. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು, ಹಿಂದೆ ಬಿದ್ದೆ ಎಂಬ ಅವಮಾನವಿಲ್ಲ. ಬಳಿಕ ಅದು ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೂ ಬಂತು. ಕೊರತೆಗಳಿವೆ, ಮೇಷ್ಟ್ರಿಲ್ಲದ ಕೋಣೆಗಳಿವೆ. ಆದರೂ ಲಕ್ಷಗಟ್ಟಲೆ ಕಟ್ಟಿ ಸೇರಿಸುವ ಶಾಲೆಯಲ್ಲಿ ಇಲ್ಲದ ಒಂದು ತಿಳಿವಳಿಕೆ ಕಾಡಂಚಿನ ತಾಲ್ಲೂಕಿನ ಮೇಷ್ಟ್ರುಗಳಿಗೆ ಇತ್ತು.

ಆದ್ದರಿಂದ ತಾಯಂದಿರೇ, ತಂದೆಯಂದಿರೇ, ಈ ಜೂನ್‌ನಲ್ಲಿ ಮಗುವಿನ ಕೈ ಹಿಡಿದು ಗೇಟಿನವರೆಗೆ ಹೋಗುವ ಅಜ್ಜ ಅಜ್ಜಿಯರೇ, ಜನ್ಮ ದಿನಾಂಕ ತಿದ್ದಿಸಲು ಓಡಾಡಬೇಡಿ. ನಾಲ್ಕು ತಿಂಗಳು ಮುಂದೆ ಹೋದ ಮಗು ನಾಲ್ಕು ತಿಂಗಳು ಚಿಕ್ಕದಾಗಿಯೇ ಹತ್ತು ವರ್ಷ ಆ ಬೆಂಚಿನಲ್ಲಿ ಕೂರಬೇಕಾಗುತ್ತದೆ. ಪಕ್ಕದ ಮನೆಯ ಮಗು ಬರೆಯುತ್ತದೆ ಎಂದು ನಿಮ್ಮ ಮಗುವಿನ ಕೈಗೆ ಪೆನ್ಸಿಲ್ ತುರುಕಬೇಡಿ. ಮಣ್ಣು ಕೊಡಿ, ನೀರು ಕೊಡಿ, ಚಪಾತಿ ಹಿಟ್ಟು ಕೊಡಿ, ಆ ಬೆರಳುಗಳು ಬಲಿಯಲಿ. ಶಾಲೆಯ ಮೊದಲ ಪೋಷಕರ ಸಭೆಯಲ್ಲಿ ಎದ್ದು ನಿಂತು ಕೇಳಿ: ಎಲ್‌ಕೆಜಿ ಮಕ್ಕಳಿಗೆ ಯಾಕೆ ಬರೆಸುತ್ತೀರಿ? ಅಳುವ ಮಗುವಿನ ಅಮ್ಮನನ್ನು ಮೊದಲ ವಾರ ಒಳಗೆ ಕೂರಲು ಯಾಕೆ ಬಿಡುವುದಿಲ್ಲ? ಒಂದಕ್ಕೆ ಹೋಗಬೇಕೆಂದು ಮಗು ಕನ್ನಡದಲ್ಲಿ ಹೇಳಿದರೆ ಕಳಿಸುತ್ತೀರಾ? ಒಬ್ಬರೇ ಕೇಳಿದರೆ ನಿಮ್ಮನ್ನು ತಕರಾರಿನವರು ಎನ್ನುತ್ತಾರೆ. ಹತ್ತು ಜನ ಒಟ್ಟಿಗೆ ಏಳಿ, ಹೋಂವರ್ಕ್ ಬೇಡ ಎಂದು ಬರೆದು ಸಹಿ ಹಾಕಿ ಕೊಡಿ. ಪೋಷಕರೇ ಕೇಳುತ್ತಾರೆ ಎಂದು ಇಷ್ಟು ದಿನ ಹೇಳಿದವರು ಆ ಕಾಗದವನ್ನೂ ಓದಲಿ.