ದೂರದೇಶದ ಮಕ್ಕಳೂ ಮನೆತನದ ಸಂಸ್ಕಾರವೂ

ಸಂಸ್ಕಾರವೆಂಬುದು ಒಂದು ಊರಿನ, ಒಂದು ಸೀಮೆಯ ಸೊತ್ತಲ್ಲ. ಅದು ನುಡಿಯಲ್ಲಿ ಹರಿದು ನಡೆಯಲ್ಲಿ ನಿಲ್ಲುವಂಥದು. ಹಾಗೆ ಹರಿಯಲು ಆಯಾ ಕಾಲಕ್ಕೆ ಆಯಾ ಸಾಧನಗಳು ಒದಗಿಬಂದಿವೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ತಾಳೆಯೋಲೆಗಳಲ್ಲಿ ಉಳಿದು ಬಂದವು. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಓಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, 1925ರಲ್ಲಿ ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನೇ ತೆರೆದರು. ಯಂತ್ರದಿಂದ ಧರ್ಮ ಕೆಡುತ್ತದೆಂದು ಅವರು ಹಿಂಜರಿದಿದ್ದರೆ ವಚನಗಳು ಇಂದು ಮನೆಮನೆಯನ್ನು ತಲುಪುತ್ತಿದ್ದವೇ?

ಈಗ ಅದೇ ಪ್ರಶ್ನೆ ಮೊಬೈಲಿನ ಕುರಿತು ಎದ್ದಿದೆ. ವಾಟ್ಸ್‌ಆ್ಯಪ್, ಫೇಸ್‌ಬುಕ್, ಯೂಟ್ಯೂಬುಗಳಿಂದ ಮಕ್ಕಳು ಕೆಟ್ಟರೆಂದು ಹಿರಿಯರು ನಮ್ಮಲ್ಲಿ ಹೇಳಿಕೊಳ್ಳುವುದುಂಟು. ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಉದ್ಯೋಗಕ್ಕಾಗಿ ಮಕ್ಕಳು ಕಡಲಾಚೆ ಹೋದ ಮನೆಗಳಿಗೆ ಅದೇ ಮೊಬೈಲು ಸೇತುವೆಯಾಗಿದೆ. 2020ರಲ್ಲಿ ಮಹಾಮಾರಿಯಿಂದಾಗಿ ಮಠ ಮಂದಿರಗಳ ಬಾಗಿಲು ಮುಚ್ಚಿದಾಗ ಪ್ರವಚನಗಳು ಅದರ ಮೂಲಕವೇ ಭಕ್ತರ ಮನೆ ಸೇರಿದವು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ಅದನ್ನು ಕಂಡ ನಮ್ಮ ಕನ್ನಡದ ಮಗು ‘ಇವರು ಯಾರು?’ ಎಂದು ಕೇಳಿದರೆ ಉತ್ತರಿಸುವವರು ಬೇಕಲ್ಲವೇ? ಆ ಉತ್ತರವು ಊರಿನಲ್ಲಿರುವ ಅಜ್ಜಿಯ ಬಾಯಿಂದಲೇ, ಕನ್ನಡದಲ್ಲಿಯೇ, ಆ ಕ್ಷಣದಲ್ಲಿಯೇ ಹೋಗಬಹುದಾದ ಕಾಲವಿದು. ಇದನ್ನು ಬೇಡವೆನ್ನುವುದು ವಿವೇಕವಲ್ಲ.

ಆದರೆ ಮೂರು ಮಾತುಗಳನ್ನು ಸದ್ಭಕ್ತರು ಮನಸ್ಸಿನಲ್ಲಿಡಬೇಕು.

ಒಂದು, ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸಬಾರದು. ಕೊನೆಯಲ್ಲಿ ಕೂಡಲಸಂಗಮದೇವ ಎಂದು ಸೇರಿಸಿದ ಮಾತ್ರಕ್ಕೆ ಅದು ಬಸವಣ್ಣನವರ ವಚನವಾಗದು. ಯಾರೋ ಹೆಣೆದ ಸಾಲುಗಳು ಶರಣರ ಹೆಸರಿನಲ್ಲಿ ದೇಶದೇಶ ಸುತ್ತುತ್ತಿವೆ. ಸಮಗ್ರ ವಚನ ಸಂಪುಟಗಳು ಹದಿನೈದಿವೆ. ಸಂದೇಹ ಬಂದರೆ ಅವುಗಳಲ್ಲಿ ಹುಡುಕಿರಿ, ಬಲ್ಲವರನ್ನು ಕೇಳಿರಿ. ತಿಳಿಯದಿದ್ದರೆ ಕಳಿಸದೆ ಸುಮ್ಮನಿರಿ. ಹೊರದೇಶದಲ್ಲಿ ಬೆಳೆಯುವ ಮಗುವಿಗೆ ಸುಳ್ಳು ಯಾವುದು, ಸತ್ಯ ಯಾವುದು ಎಂದು ತಿಳಿಸಲು ನೆರೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಎರಡು, ದಾಸೋಹವನ್ನು ಪ್ರದರ್ಶನ ಮಾಡಬಾರದು. ಉಣ್ಣುವವನ ತಟ್ಟೆಯ ಮುಂದೆ ನಿಂತು ಪಟ ತೆಗೆದು ನಾಲ್ಕು ದೇಶಗಳಿಗೆ ಕಳಿಸಿದರೆ ಅಲ್ಲಿ ಉಳಿಯುವುದು ನೀಡಿದವನ ಅಹಂಕಾರ ಮಾತ್ರ. ಹಸಿದವನಿಗೂ ಮಾನವಿದೆ.

ಮೂರು, ಮೊಬೈಲು ಮಾತನ್ನು ಮುಟ್ಟಿಸೀತು, ಆಚಾರವನ್ನು ಮಾಡಿಸದು. ಅಂಗೈಯ ಇಷ್ಟಲಿಂಗವನ್ನು ಗುರುವು ಕರುಣಿಸಬೇಕು. ಪೂಜೆಯನ್ನು ಮಗು ತನ್ನ ಕೈಯಿಂದಲೇ ಮಾಡಬೇಕು. ಚಳಿಗಾಲದಲ್ಲಿ ನಮಗೆ ಬೆಳಗಿನ ಆರು ಗಂಟೆಯಾದರೆ ನ್ಯೂಯಾರ್ಕಿನಲ್ಲಿ ಹಿಂದಿನ ಸಂಜೆ ಏಳೂವರೆ. ತಾಯಿ ಇಲ್ಲಿ ಪೂಜೆಗೆ ಕೂಡುವ ಹೊತ್ತಿಗೆ ಮೊಮ್ಮಕ್ಕಳು ಅಲ್ಲಿ ಊಟಕ್ಕೆ ಕೂಡುತ್ತಾರೆ. ಆ ಹೊತ್ತಿನಲ್ಲಿ ವಾರಕ್ಕೊಮ್ಮೆಯಾದರೂ ಒಂದು ವಚನ ಹೇಳಿಕೊಡಿರಿ, ಅರ್ಥ ಬಿಡಿಸಿರಿ, ಅವರ ಬಾಯಿಂದ ತಿರುಗಿ ಹೇಳಿಸಿರಿ. ಅತ್ತ ಮಕ್ಕಳೂ ತಂದೆತಾಯಿಗಳಿಗೆ ಹಬ್ಬದ ದಿನ ಚಿತ್ರವೊಂದನ್ನು ಕಳಿಸಿದೊಡನೆ ಋಣ ತೀರಿತೆಂದು ತಿಳಿಯಬಾರದು. ವೃದ್ಧರಿಗೆ ಬೇಕಾದುದು ಮಗನ ದನಿ, ಆಗಾಗ ಅವನ ಮುಖದರ್ಶನ.

ಸಾಧನ ಹೊಸದಾದರೂ ಸತ್ಯ, ಕಾಯಕ, ದಾಸೋಹಗಳು ಹಳೆಯವೇ. ಅವುಗಳನ್ನು ದೂರದ ಮಕ್ಕಳಿಗೆ ಮುಟ್ಟಿಸುವ ಹೊಣೆ ಹಿರಿಯರದು. ಅದನ್ನು ಹೊರುವ ಶಕ್ತಿಯನ್ನು ಪರಶಿವನು ಸರ್ವರಿಗೂ ಕರುಣಿಸಲೆಂದು ಹಾರೈಸುತ್ತೇವೆ.