ವನವಿಹಾರಕ್ಕೆ ಅಂಟಿದ ಅಪಕೀರ್ತಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳಲ್ಲಿ ‘ಹುಡುಗರು ಗುಡ್ಡಕ್ಕೆ ಹೋದರು’ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕುವರು. ಗುಡ್ಡವೆಂದರೆ ಸೀಸೆ, ಹೊಳೆಯ ದಂಡೆಯೆಂದರೆ ಸೀಸೆ. ‘ಪಾರ್ಟಿ’ ಎಂಬ ಪದಕ್ಕಂತೂ ಬೇರೆ ಅರ್ಥವೇ ಉಳಿಯಲಿಲ್ಲ. ಬಯಲಿಗೆ ಹೋಗುವವರೆಲ್ಲರೂ ಕುಡುಕರೆಂಬ ಈ ಲೋಕಾಪವಾದವು ನ್ಯಾಯವೆ? ಅಲ್ಲವಾದರೆ ಅದನ್ನು ತೊಳೆಯಬೇಕಾದವರು ಯಾರು? ಈ ಎರಡು ಪ್ರಶ್ನೆಗಳನ್ನು ವಾಚಕ ಮಹಾಶಯರ ಮುಂದಿಡಬೇಕಾಗಿದೆ.

ಬಯಲೂಟವು ನಮ್ಮ ಸೀಮೆಗೆ ಹೊಸದಲ್ಲ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹಿಂಡಿಗಳನ್ನು ನೆಂಟರಿಷ್ಟರೊಡನೆ ಉಣ್ಣುವ ಪದ್ಧತಿಯು ಇಂದಿಗೂ ನಡೆದಿದೆ. ಅಲ್ಲಿ ಹೆಂಗಸರಿರುವರು, ಮಕ್ಕಳಿರುವರು, ಮುದುಕರಿರುವರು. ದಾರಿಹೋಕನನ್ನೂ ಕರೆದು ಉಣಬಡಿಸುವರು. ಆ ಕೂಟವನ್ನು ಯಾರೂ ಹಳಿಯಲಾರರು. ಆದುದರಿಂದ ದೋಷವು ಬಯಲಿನಲ್ಲಿಲ್ಲ, ಸಂತೋಷದಲ್ಲಿಯೂ ಇಲ್ಲ; ಸಂತೋಷವೆಂದರೆ ಮದ್ಯವೇ ಎಂದು ತಿಳಿದ ಬುದ್ಧಿಯಲ್ಲಿದೆ.

ಈ ವಿವೇಕವನ್ನು ನಾವು ಹೊಸದಾಗಿ ಕಲಿಯಬೇಕಾದುದೂ ಇಲ್ಲ. ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಶಾಸನವು ಮೊಟ್ಟಮೊದಲು ಬೆಳಕಿಗೆ ಬಂದುದು 1915ರಲ್ಲಿ, ನಮ್ಮ ಮಸ್ಕಿಯ ಗುಡ್ಡದಲ್ಲಿ. ಅದೇ ಚಕ್ರವರ್ತಿಯು ಗಿರ್ನಾರ್ ಮೊದಲಾದೆಡೆಗಳಲ್ಲಿ ಕೊರೆಯಿಸಿದ ಹದಿನಾಲ್ಕು ಶಾಸನಗಳ ಪೈಕಿ ಮೊದಲನೆಯದರಲ್ಲಿ ಜನರ ವಿನೋದಕೂಟಗಳನ್ನು ಕುರಿತು ಆಜ್ಞೆಯಿತ್ತಿರುವನು. ಅಂತಹ ಕೂಟಗಳಲ್ಲಿ ಬಹಳ ಕೇಡನ್ನು ಕಂಡು ಅವುಗಳನ್ನು ನಿಷೇಧಿಸಿದನು. ಆದರೆ ತನಗೆ ಒಳ್ಳೆಯವೆಂದು ತೋರುವ ಕೂಟಗಳೂ ಕೆಲವುಂಟೆಂದು ಅಲ್ಲಿಯೇ ಸೇರಿಸಿದನು. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ. ನಾವೇಕೆ ಹಾಕಬೇಕು?

ಇನ್ನು ಕುಡಿಯುವವರ ವಾದವನ್ನು ಕೇಳೋಣ. ‘ನಮ್ಮ ಹಣ, ನಮ್ಮ ಬಿಡುವು, ಜನವಿಲ್ಲದ ಜಾಗ, ಇದರಿಂದ ಯಾರಿಗೇನು ನಷ್ಟ?’ ಎನ್ನುವರು. ನಷ್ಟವನ್ನು ಹೇಳುವೆವು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸೀಮೆಯು ಭತ್ತದ ಕಣಜವೆನಿಸಿತು. ದಂಡೆಯ ಮೇಲೆ ಒಡೆದ ಗಾಜು ಅಲ್ಲಿಯೇ ಉಳಿಯದು. ಅದು ಗದ್ದೆಯ ಕೆಸರಿಗೆ ಸೇರಿದರೆ, ಬರಿಗಾಲಿನಲ್ಲಿ ನಾಟಿ ಹಾಕುವ ಕೂಲಿ ಹೆಂಗಸಿನ ಪಾದವನ್ನು ಸೀಳುವುದು. ಆಕೆಯ ಆ ದಿನದ ಕೂಲಿಯನ್ನು ಈ ರಸಿಕರು ತುಂಬಿಕೊಡುವರೆ? ಕುಡಿದವರು ಗುಡ್ಡದಲ್ಲಿಯೇ ನೆಲೆಸುವುದಿಲ್ಲ. ಇಳಿಹೊತ್ತಿಗೆ ಮೋಟಾರು ಸೈಕಲ್ಲೇರಿ ಹೆದ್ದಾರಿಗಿಳಿಯುವರು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿರುವವನು ವಾಹನ ನಡೆಯಿಸಿದರೆ ಅದು 1988ರ ಮೋಟಾರು ವಾಹನ ಕಾಯಿದೆಯಂತೆ ಅಪರಾಧ; 2019ರ ತಿದ್ದುಪಡಿಯಿಂದ ಮೊದಲ ಸಲದ ದಂಡವೇ 10,000 ರೂಪಾಯಿಯವರೆಗೆ ಏರಿದೆ. ದಂಡ ತೆತ್ತರೆ ಹೋದ ಪ್ರಾಣ ಬರುವುದೆ?

ಎಲ್ಲಕ್ಕಿಂತ ದೊಡ್ಡ ನಷ್ಟವು ಮತ್ತೊಂದು. ಕುಡುಕರ ಭಯದಿಂದ ತಾಯ್ತಂದೆಗಳು ಹೆಣ್ಣುಮಕ್ಕಳನ್ನು ಗುಡ್ಡಕ್ಕೆ ಕಳುಹಿಸರು. ಮಸ್ಕಿಯ ಶಾಸನವನ್ನು, ಮುದಗಲ್ಲಿನ ಕೋಟೆಯನ್ನು, ಕೃಷ್ಣೆಯ ನಡುವಣ ಜಲದುರ್ಗವನ್ನು ಪಾಠದ ಪುಸ್ತಕದಲ್ಲಿ ಓದಿದ ಬಾಲಿಕೆಯು ಹತ್ತಾರು ಮೈಲಿಯೊಳಗಿದ್ದೂ ಅವುಗಳನ್ನು ಕಾಣದೆ ಬೆಳೆಯುವಳು. ಯಾರದೋ ಎರಡು ಗಳಿಗೆಯ ಅಮಲಿಗೆ ಆಕೆಯ ನಾಡು ಆಕೆಗೆ ಮುಚ್ಚಿದಂತಾಯಿತು. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಹೋದ ಹಳ್ಳಿಯ ಹೆಂಗಸರಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಮನೆಯೊಳಗೆ ಅವರ ನೆಮ್ಮದಿಯನ್ನು ಕೆಡಿಸಿದ ಸೀಸೆಯೇ ಹೊರಗೆ ಅವರ ದಾರಿಯನ್ನೂ ಕಟ್ಟಿರುವುದು.

‘ಕುಡಿಯುವವರು ಕೆಲವರು, ನಮ್ಮನ್ನೇಕೆ ದೂರುವಿರಿ?’ ಎಂಬುದು ಸಜ್ಜನ ವಿಹಾರಿಗಳ ಅಳಲು. ಅದು ದಿಟವೇ. ಆದರೆ ಕೀರ್ತಿಯು ತಲೆಯೆಣಿಕೆಯಿಂದ ಬರತಕ್ಕುದಲ್ಲ. ನೂರು ಜನ ಸಜ್ಜನರು ಬಂದುಹೋದ ಗುರುತು ಬಂಡೆಯ ಮೇಲೆ ಉಳಿಯದು. ಒಬ್ಬನು ಒಡೆದ ಸೀಸೆಯು ವರ್ಷಗಟ್ಟಲೆ ಉಳಿಯುವುದು. ಮುಂದೆ ಬಂದವನು ಗಾಜನ್ನು ಕಂಡು ಎಲ್ಲರನ್ನೂ ಅಳೆಯುವನು. ಅಲ್ಲದೆ, ಗೆಳೆಯನು ಚೀಲದಿಂದ ಸೀಸೆ ತೆಗೆದಾಗ ಮುಖ ತಿರುಗಿಸಿ ಸುಮ್ಮನಿದ್ದವನಿಗೆ ಆ ಅಪಕೀರ್ತಿಯಲ್ಲಿ ಪಾಲಿಲ್ಲವೆನ್ನಲಾದೀತೆ?

ಈ ಕಷ್ಟವು ನಮ್ಮೊಬ್ಬರದಲ್ಲ. ಕೆನಡಾ ದೇಶದಲ್ಲಿ ಹಿಮದ ಮೇಲೆ ಮೋಟಾರು ಬಂಡಿಗಳನ್ನು ಓಡಿಸಿ ವಿಹರಿಸುವವರಿಗೂ ಕುಡುಕರೆಂಬ ಹೆಸರು ಅಂಟಿದೆ. ಕುಡಿದು ಓಡಿಸಿದರೆ ಅಲ್ಲಿನ ಕಾನೂನು ರಸ್ತೆಯ ಕಾರಿಗೂ ಕಾಡಿನ ಹಿಮಬಂಡಿಗೂ ಭೇದವೆಣಿಸದು. ಆದರೆ ಅಲ್ಲಿನ ವಿಹಾರಿಗಳ ಸಂಘಗಳು ಪೊಲೀಸರನ್ನೇ ನಂಬಿ ಕುಳಿತಿಲ್ಲ. ಕುಡಿದು ಬಂಡಿ ಹತ್ತಬೇಡಿರೆಂದು ತಮ್ಮವರಿಗೆ ತಾವೇ ಸಾರುತ್ತಿವೆ. ಹೆಸರು ಕೆಟ್ಟುದು ಯಾರದೋ ಅವರೇ ಅದನ್ನು ತೊಳೆಯಬೇಕೆಂಬುದನ್ನು ಅವರು ಬಲ್ಲರು.

ಗುಡ್ಡಕ್ಕೆ ಬೇಲಿ ಹಾಕಿರೆನ್ನುವವರಿಗೂ ಒಂದು ಮಾತು. ಬೇಲಿಯು ಕುಡುಕನನ್ನು ಇನ್ನೊಂದು ಗುಡ್ಡಕ್ಕೆ ಓಡಿಸುವುದಲ್ಲದೆ ತಡೆಯಲಾರದು. ಶಾಲೆಯ ಮಕ್ಕಳನ್ನು ಮಾತ್ರ ಖಂಡಿತವಾಗಿ ತಡೆಯುವುದು. ಜನರು ಸೇರುವ ಕಡೆ ಕಿಡಿಗೇಡಿ ಹಿಂಜರಿಯುವನು. ನಿರ್ಜನವಾದ ಕಡೆ ಹೆಚ್ಚಿಕೊಳ್ಳುವನು.

ಆದಕಾರಣ ತರುಣರೇ, ಸೀಸೆ ತರುವವನನ್ನು ನಿಮ್ಮ ತಂಡಕ್ಕೆ ಸೇರಿಸಬೇಡಿರಿ; ಅವನು ಆಪ್ತನಾದರೂ ಸರಿಯೆ. ನೀವು ಒಯ್ದುದನ್ನೆಲ್ಲ ಹಿಂದಕ್ಕೆ ತನ್ನಿರಿ. ಪರರು ಬಿಟ್ಟುದನ್ನೂ ಕೈಲಾದಷ್ಟು ಹೊತ್ತು ತನ್ನಿರಿ. ಎಳ್ಳಮಾವಾಸ್ಯೆಯ ಹೊಲಕ್ಕೆ ಹೋಗುವಂತೆ ಅಕ್ಕತಂಗಿಯರನ್ನೂ ಅಜ್ಜಿಯನ್ನೂ ಕರೆದುಕೊಂಡು ಗುಡ್ಡಕ್ಕೆ ಹೋಗಿರಿ. ಅಲ್ಪನಾದವನೂ ಧರ್ಮದಲ್ಲಿ ನಿರತನಾದರೆ ಉನ್ನತಿಯನ್ನು ಪಡೆಯಬಹುದು, ಅದು ದೊಡ್ಡವರಿಗೆ ಮಾತ್ರ ಸಾಧ್ಯವೆಂದೆಣಿಸಬಾರದು ಎಂಬುದು ಮಸ್ಕಿಯ ಬಂಡೆಯ ಉಪದೇಶದ ಸಾರ. ಸರ್ಕಾರವು ಮಾಡಲಿ, ದೊಡ್ಡವರು ಮಾಡಲಿ ಎಂದು ಆ ಬಂಡೆಯ ನೆರಳಿನಲ್ಲಿಯೇ ಕುಳಿತು ನಾವು ಹೇಳುವುದು ಶೋಭಿಸದು.