ಉಲ್ಲೇಖದ ಲೆಕ್ಕದಲ್ಲಿ ಗುರು ಸಿಗುವುದಿಲ್ಲ

ಹೋದ ತಿಂಗಳು ಕುಂದಗೋಳದಲ್ಲಿ ಪರಿಚಯದ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಪಟ್ಟಿ ತೋರಿಸಿದ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ್ದಾನೆ, ಮಿದುಳಿನ ಬಗ್ಗೆ ಪಿಎಚ್.ಡಿ. ಮಾಡುವ ಆಸೆ. ದೇಶದ ನರವಿಜ್ಞಾನಿಗಳ ಹೆಸರುಗಳನ್ನು ಎಚ್-ಇಂಡೆಕ್ಸಿನ ಪ್ರಕಾರ ಮೇಲಿನಿಂದ ಕೆಳಕ್ಕೆ ಜೋಡಿಸಿಕೊಂಡಿದ್ದ. "ಮ್ಯಾಲಿಂದ ಒಬ್ಬೊಬ್ಬರಿಗೆ ಮೇಲ್ ಹಾಕ್ಕೋಂತ ಬರ್ತೀನ್ರಿ ಸರ್. ಯಾರು ಹೂಂ ಅಂತಾರೋ ಅವರ ಕಡೆ ಹೋಗ್ತೀನಿ" ಅಂದ. ಮೊದಲನೆಯವರು ಏನು ಕೆಲಸ ಮಾಡಿದ್ದಾರೆ ಎಂದು ಕೇಳಿದೆ. ಅವರ ಒಂದು ಪ್ರಬಂಧವನ್ನೂ ಅವನು ಓದಿರಲಿಲ್ಲ.

ತಪ್ಪು ಹುಡುಗನದಲ್ಲ. ಜಗತ್ತಿನ ಶ್ರೇಷ್ಠ ವಿಜ್ಞಾನಿಗಳ ಪಟ್ಟಿ ಬಂದಾಗಲೆಲ್ಲ ವಿಶ್ವವಿದ್ಯಾಲಯಗಳು ಫ್ಲೆಕ್ಸ್ ಕಟ್ಟುತ್ತವೆ, ಪತ್ರಿಕೆಗಳು ಫೋಟೊ ಹಾಕುತ್ತವೆ. ಓದುವ ಕೆಲಸವನ್ನು ಹಿರಿಯರೇ ಎಣಿಕೆಗೆ ಬಿಟ್ಟುಕೊಟ್ಟ ಮೇಲೆ ಕಿರಿಯರು ಏನು ಮಾಡಬೇಕು?

ಆ ಎಣಿಕೆಯಾದರೂ ಎಂಥದ್ದು? ಎಚ್-ಇಂಡೆಕ್ಸ್ ಎಂಬುದು 2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಸೂಚಿಸಿದ ಅಳತೆ. ನಿಮ್ಮ 20 ಪ್ರಬಂಧಗಳನ್ನು ಬೇರೆಯವರು ತಲಾ 20 ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಅಂಕ 20. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದನ್ನು ಸಾವಿರ ಸಲ ಉಲ್ಲೇಖಿಸಿದರೂ ಅಂಕ 1. ಉಲ್ಲೇಖಿಸಿದ್ದು ಮೆಚ್ಚಿಯೋ ಖಂಡಿಸಲೆಂದೋ, ಇಪ್ಪತ್ತು ಸಹಲೇಖಕರಲ್ಲಿ ನಿಜವಾಗಿ ದುಡಿದವರು ಯಾರು, ಇದೊಂದೂ ಅದಕ್ಕೆ ಗೊತ್ತಾಗದು.

2016ರಲ್ಲಿ ಅಮೆರಿಕದ ಸೆಮ್ಯಾಂಟಿಕ್ ಸ್ಕಾಲರ್ ಎಂಬ ಶೋಧ ವ್ಯವಸ್ಥೆ ಅತ್ಯಂತ ಪ್ರಭಾವಶಾಲಿ ನರವಿಜ್ಞಾನಿಗಳನ್ನು ಸಾಲಾಗಿ ನಿಲ್ಲಿಸಿದಾಗ ಮೊದಲು ಬಂದವರು ಲಂಡನ್ನಿನ ಕಾರ್ಲ್ ಫ್ರಿಸ್ಟನ್. ದೊಡ್ಡ ವಿಜ್ಞಾನಿ, ಅನುಮಾನವಿಲ್ಲ. ಆದರೆ ಮಿದುಳಿನ ಸ್ಕ್ಯಾನ್‌ಗಳನ್ನು ವಿಶ್ಲೇಷಿಸಲು ಜಗತ್ತಿನ ಪ್ರಯೋಗಾಲಯಗಳು ಬಳಸುವ ವಿಧಾನವನ್ನು ಕಟ್ಟಿಕೊಟ್ಟವರೂ ಅವರೇ. ಬಳಸಿದವರು ಅವರ ಹೆಸರು ಹೇಳಲೇಬೇಕು. ಆ ಎಣಿಕೆಯಲ್ಲಿ ಸಾಧನದ ಋಣವೆಷ್ಟು, ವಿಚಾರದ ಪ್ರಭಾವವೆಷ್ಟು ಎಂದು ಬೇರ್ಪಡಿಸಬೇಕಾದರೆ ಮತ್ತೆ ಓದಲೇಬೇಕು.

ಈಗ ನಮ್ಮ ಬಚ್ಚಲಿಗೆ ಬನ್ನಿ. ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆ ಜಗತ್ತಿನ ಹೆಚ್ಚಿನ ಕಡೆ ಅಪರೂಪ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಹಾಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ನೀರಿನ ಬಿಸಿ ತಗ್ಗಿಸಿ, ಬೇಕಾದವರಿಗೆ ಸ್ನಾನಕ್ಕೆ ಮುಂಚೆ ಮಾತ್ರೆ ಕೊಟ್ಟು ಇದನ್ನು ತಡೆಯಬಹುದೆಂದು ವೈದ್ಯರಿಗೆ ಇಂದು ತಿಳಿದಿದೆ. ಷವರ್ ಕೆಳಗೆ ನಿಂತು ಮೀಯುವ ಬಾಸ್ಟನ್ನಿನ ಪ್ರಯೋಗಾಲಯಕ್ಕೆ ಇದನ್ನು ಉಲ್ಲೇಖಿಸುವ ಸಂದರ್ಭ ಎಷ್ಟು ಸಲ ಬಂದೀತು? ಅಂಕವೇ ಗುರಿಯಾದರೆ ಜಾಣ ವಿದ್ಯಾರ್ಥಿ ಈ ಮೂರ್ಛೆಯ ತಂಟೆಗೇ ಹೋಗುವುದಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಪಟ್ಟಿಯಿಂದ ಅನ್ಯಾಯ ವಿಜ್ಞಾನಿಗೆ ಮಾತ್ರ ಆಗುವುದಿಲ್ಲ. ನಮ್ಮ ಮನೆಯ ರೋಗ ಯಾರ ಪ್ರಶ್ನೆಯೂ ಆಗದೆ ಉಳಿಯುತ್ತದೆ.

ಇನ್ನು ಕನ್ನಡ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ದೆವ್ವ ಹಿಡಿದಿದೆ ಎಂದು ಬೇವಿನ ಸೊಪ್ಪು ಹಿಡಿಯುವ ಮನೆಯವರನ್ನು ಆಸ್ಪತ್ರೆಯ ಕಡೆ ತಿರುಗಿಸಬಲ್ಲ ಬರಹ ಅದು. ಇದಕ್ಕೆ ಎಚ್-ಇಂಡೆಕ್ಸಿನಲ್ಲಿ ಸಿಗುವುದು ಸೊನ್ನೆ. ಓದಿ ಬದುಕಿಕೊಂಡವರು ಅಡಿಟಿಪ್ಪಣಿ ಬರೆಯುವುದಿಲ್ಲವಲ್ಲ!

ಎದುರು ವಾದ ನನಗೆ ಗೊತ್ತು. ಸಂಖ್ಯೆಯೂ ಇಲ್ಲದಿದ್ದರೆ ಜಾತಿ, ವಶೀಲಿ, ಗುಂಪುಗಾರಿಕೆಯೇ ನಡೆಯುತ್ತದೆ ಅನ್ನುತ್ತಾರೆ. ಈ ಭಯ ಸುಳ್ಳಲ್ಲ. ಏನೂ ಬರೆಯದವರನ್ನು ಕುರ್ಚಿಯಿಂದ ದೂರವಿಡಲು ಸಂಖ್ಯೆ ಒದಗಬಹುದು. ಆದರೆ ವಶೀಲಿ ಉಲ್ಲೇಖಕ್ಕೂ ನಡೆಯುತ್ತದೆ: ನೀ ನನ್ನದನ್ನು ಉಲ್ಲೇಖಿಸು, ನಾ ನಿನ್ನದನ್ನು ಉಲ್ಲೇಖಿಸುತ್ತೇನೆ. ಸಂಶೋಧನೆಯನ್ನು ಅದರ ಸತ್ವದಿಂದಲೇ ಅಳೆಯಬೇಕೆಂದು ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2013ರಲ್ಲೇ ಹೇಳಿದೆ. ಅಭ್ಯರ್ಥಿಯ ಐದು ಪ್ರಬಂಧಗಳನ್ನು ಸಮಿತಿಯವರು ಓದಲಿ, ಓದಿ ಅನಿಸಿದ್ದನ್ನು ಸಹಿ ಹಾಕಿ ಬರೆಯಲಿ. ಅಷ್ಟಕ್ಕೆ ಪುರುಸೊತ್ತಿಲ್ಲದವರು ಸಮಿತಿಯಲ್ಲಿ ಯಾಕಿರಬೇಕು?

ಆ ಹುಡುಗನಿಗೆ ನಾನು ಅವನ ಊರಿನ ಕಥೆಯನ್ನೇ ಹೇಳಿದೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಬಂದದ್ದು ಸವಾಯಿ ಗಂಧರ್ವರ ಎಷ್ಟು ರೆಕಾರ್ಡ್ ಖರ್ಚಾಗಿವೆ ಎಂದು ಎಣಿಸಿ ಅಲ್ಲ. ಗದಗಿನ ಕಡೆಯ ಹುಡುಗ ಭೀಮಸೇನ ಜೋಶಿ ಮನೆಬಿಟ್ಟು ಉತ್ತರ ಭಾರತ ಸುತ್ತಿ, ಕೊನೆಗೆ ಗುರುವನ್ನು ಕಂಡದ್ದೂ ಇದೇ ಕುಂದಗೋಳದಲ್ಲಿ. ಅವರಿಬ್ಬರೂ ಹುಡುಕಿದ್ದು ವಿದ್ಯೆಯನ್ನು.

"ಪಟ್ಟಿಯಲ್ಲಿ ಮೂವರನ್ನು ಆರಿಸು. ಒಬ್ಬೊಬ್ಬರವು ಎರಡು ಪ್ರಬಂಧ ಓದು. ಯಾರ ಪ್ರಶ್ನೆ ನಿನ್ನ ನಿದ್ದೆ ಕೆಡಿಸುತ್ತದೋ ಅವರಿಗೆ ಬರೆ" ಎಂದೆ. ನಿನ್ನೆ ಫೋನ್ ಮಾಡಿದ್ದ. ಒಂದು ಪ್ರಬಂಧ ಅರ್ಧ ತಿಳಿಯಿತಂತೆ, ಇನ್ನರ್ಧಕ್ಕೆ ಕೂತಿದ್ದಾನೆ.